ನಕ್ಷತ್ರವೀಕ್ಷಕ ಚಿಂತಾಮಣಿ ರಘುನಾಥಾಚಾರ್ಯರು

ನಕ್ಷತ್ರಗಳ ಬೆಳಕು ಎಂದೆಂದಿಗೂ ಒಂದೇ ಸಮನಾಗಿರುವುದೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಆದರೆ ಕೆಲವು ನಕ್ಷತ್ರಗಳು ಕ್ರಮವಾಗಿ ಪ್ರಕಾಶಿಸಿ, ಕ್ರಮವಾಗಿ ಮಂಕಾಗಿ, ಮರಳಿ ಬೆಳಗುವುವು. ಇಂತಹುದೊಂದು ನಕ್ಷತ್ರವನ್ನು ಕಂಡುಹಿಡಿದ ದಕ್ಷಿಣ ದೇಶದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಶಾಲೆಯ ವಿದ್ಯಾರ್ಥಿನಿಯರ ಮುಂದಿಡಲು ಸಂತೋಷಪಡುತ್ತೇವೆ. ಅವರೇ ಚಿಂತಾಮಣಿ ರಘುನಾಥಾಚಾರ್ಯರು.

ಆಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ವೇಧಶಾಲೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ನಮ್ಮ ದೇಶದ ಪ್ರಾಚೀನ ಜ್ಯೋತಿಷವನ್ನು ಅರಿತಿದ್ದಂತೆಯೇ ದೂರದರ್ಶಕದ ಉಪಯೋಗದಲ್ಲಿಯೂ ನಿಪುಣರಾದರು. 1861ರಲ್ಲಿ ಆ ವೇಧಶಾಲೆಗೆ ನಾರ್ಮನ್ ಪಾಗ್ಸನ್ ಎಂಬ ವಿದ್ವಾಂಸರು ಮುಖ್ಯಾಧಿಕಾರಿಗಳಾಗಿ ಬಂದರು. ನಕ್ಷತ್ರಗಳ ಕಾಂತಿಯನ್ನು ದರ್ಜೆಗಳಲ್ಲಿ ಅಳೆಯುವ ನಿಯಮವನ್ನು 1856ರಲ್ಲಿ ನಿಷ್ಕರ್ಷಿಸಿದವರು ಇವರೇ. ಅದರಂತೆ ಐದು ದರ್ಜೆಗಳ ಅಂತರವೆಂದರೆ ಬೆಳಕಿನಲ್ಲಿ 100 ಪಟ್ಟು ಅಂತರ. ಈ ನಿಯಮವು ಇಂದಿಗೂ ಲೋಕಮಾನ್ಯವಾಗಿದೆ.

1867ರ ಜನವರಿಯಲ್ಲಿ ಆಚಾರ್ಯರು ದಕ್ಷಿಣ ದಿಗಂತದ ಸಮೀಪದಲ್ಲಿರುವ ರೆಟಿಕ್ಯುಲಮ್ ಎಂಬ ಪುಂಜದಲ್ಲಿ ಒಂದು ನಕ್ಷತ್ರದ ಕಾಂತಿ ಬದಲಾಗುವುದನ್ನು ಕಂಡುಕೊಂಡರು. ಅದು ಆರ್ ರೆಟಿಕ್ಯುಲೈ ಎಂದು ಹೆಸರಾಗಿದೆ. ಅದು ಮದರಾಸಿನ ಆಕಾಶದಲ್ಲಿ ಅತ್ಯುನ್ನತ ಸ್ಥಾನಕ್ಕೆ ಬಂದಾಗಲೂ ದಿಗಂತದಿಂದ ಸುಮಾರು 14 ಅಂಶಗಳಷ್ಟೇ ಮೇಲಿರುವುದು. ಅದರ ಕಾಂತಿಯ ಆವರ್ತಕಾಲ ಸುಮಾರು 278 ದಿನಗಳು. ಅತ್ಯಂತ ಉಜ್ವಲವಾಗಿದ್ದಾಗಿನ ಬೆಳಕು ಅತ್ಯಂತ ಮಂಕಾಗಿದ್ದಾಗಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ವೃದ್ಧಾವಸ್ಥೆಯ ಕೆಂಪು ದೈತ್ಯ ನಕ್ಷತ್ರವಾದ ಅದು ಉಬ್ಬುತ್ತಲೂ ಕುಗ್ಗುತ್ತಲೂ ಇರುವುದೇ ಇದಕ್ಕೆ ಕಾರಣ.

ಇಂತಹ ಶೋಧನೆ ಒಂದು ರಾತ್ರಿಯ ನೋಟದಿಂದ ಸಿದ್ಧಿಸುವುದಲ್ಲ. ನಕ್ಷತ್ರವನ್ನು ಅದರ ನೆರೆಯ ಸ್ಥಿರಕಾಂತಿಯ ನಕ್ಷತ್ರಗಳೊಡನೆ ಹೋಲಿಸಿ, ಇದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ ಎಂದು ಬರೆದಿಟ್ಟು, ಮರಳಿ ಮರಳಿ ನೋಡಬೇಕು. ಮದರಾಸಿನ ನಕ್ಷತ್ರಪಟ್ಟಿಗಾಗಿ ಆಚಾರ್ಯರೊಬ್ಬರೇ ಸುಮಾರು 38,000 ವೀಕ್ಷಣೆಗಳನ್ನು ಒದಗಿಸಿದರೆಂದರೆ ಅವರ ತಾಳ್ಮೆಯನ್ನು ಊಹಿಸಬಹುದು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು.

ಆಚಾರ್ಯರು ಜ್ಞಾನವನ್ನು ವೇಧಶಾಲೆಯ ಗೋಡೆಗಳೊಳಗೆ ಬಚ್ಚಿಡಲಿಲ್ಲ. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗುವುದಿತ್ತು. ಅದನ್ನು ಜನಸಾಮಾನ್ಯರಿಗೆ ತಿಳಿಸಲು ಅವರು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಿಕೆಯು ಕನ್ನಡದಲ್ಲಿಯೂ ಪ್ರಕಟವಾಯಿತು. ಪಂಚಾಂಗದ ಗಣಿತವು ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಕೆಯಾಗಿರಬೇಕೆಂದೂ ಅವರು ವಾದಿಸಿದರು. ಹಿರಿಯರ ಶಾಸ್ತ್ರವನ್ನು ಗೌರವಿಸುತ್ತಲೇ ಅದರ ಲೆಕ್ಕವನ್ನು ತಿದ್ದಬೇಕೆನ್ನುವುದಕ್ಕೆ ಧೈರ್ಯ ಬೇಕು.

ಅದೇ ವೇಧಶಾಲೆಯಲ್ಲಿ 1873ರಿಂದ ಪಾಗ್ಸನ್ನರ ಪುತ್ರಿ ಐಸಿಸ್ ಪಾಗ್ಸನ್ ಸಹಾಯಕಿಯಾಗಿ ದುಡಿದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು. 1886ರಲ್ಲಿ ಅವರ ಹೆಸರು ಅದೇ ಸೊಸೈಟಿಗೆ ಸೂಚಿತವಾದಾಗ, ಸ್ತ್ರೀಯೆಂಬ ಕಾರಣದಿಂದ ಸದಸ್ಯತ್ವ ದೊರೆಯಲಿಲ್ಲ. 1920ರಲ್ಲಿ ಮಾತ್ರ ದೊರೆಯಿತು. ಆಚಾರ್ಯರಿಗೆ ತೆರೆದ ಬಾಗಿಲು ಆಕೆಗೆ ತೆರೆಯಲು ಅಷ್ಟು ಕಾಲ ಬೇಕಾಯಿತು. ಆಕಾಶವಾದರೋ ನೋಡುವವರಲ್ಲಿ ಸ್ತ್ರೀಪುರುಷ ಭೇದವನ್ನೆಣಿಸುವುದಿಲ್ಲ.

ಆಚಾರ್ಯರು 1880ರ ಫೆಬ್ರವರಿ 5ರಂದು ಕಾಲವಾದರು. ಅವರು ದುಡಿದ ವೇಧಶಾಲೆಯ ಪರಂಪರೆ ಕೊಡೈಕನಾಲಿನ ಮೂಲಕ ಮುಂದುವರಿದು, ನಮ್ಮ ಇಂದಿರಾನಗರಕ್ಕೆ ಬಹುದೂರವಲ್ಲದ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಇಂದಿಗೂ ಬಾಳುತ್ತಿದೆ.

ಇಂದಿರಾನಗರದ ದೀಪಗಳ ನಡುವೆ ಆರ್ ರೆಟಿಕ್ಯುಲೈ ಬರಿಗಣ್ಣಿಗೆ ಕಾಣದು. ಆದರೆ ಜನವರಿಯ ಸಂಜೆ ಮಾಳಿಗೆಯ ಮೇಲೆ ನಿಂತರೆ ಕೆಂಪಾದ ಆರ್ದ್ರಾ ನಕ್ಷತ್ರವು ಕಾಣುವುದು. ಅದರ ಕಾಂತಿಯೂ ಬದಲಾಗುವಂಥದು; 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಎಲ್ಲರೂ ಬೆರಗಾಗುವಷ್ಟು ಮಂಕಾಗಿತ್ತು. ಅದನ್ನು ರೋಹಿಣಿಯೊಡನೆ ಹೋಲಿಸಿ, ದಿನಾಂಕ ಮತ್ತು ವೇಳೆಯನ್ನು ಗುರುತುಮಾಡಿ, ಕಂಡದ್ದನ್ನೇ ಬರೆಯುತ್ತಾ ಹೋಗಲು ಒಂದು ಪುಸ್ತಕವೂ ಲೇಖನಿಯೂ ಸಾಕು. ನಮ್ಮ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದರೂ ಇದನ್ನು ಒಂದು ವರ್ಷಕಾಲ ಬಿಡದೆ ನಡೆಸಿದರೆ, ಆಚಾರ್ಯರ ಚರಿತ್ರೆಯನ್ನು ಇಲ್ಲಿ ಬರೆದ ನಮ್ಮ ಶ್ರಮವು ಸಾರ್ಥಕವಾಗುವುದು.