ಡಾಕ್ಟರ್ ವಿಕ್ರಮ್ ಸಾರಾಭಾಯಿ

ಸಾಬರಮತಿ ನದಿಯ ದಡದಲ್ಲಿರುವ ಅಹಮದಾಬಾದು ಬಟ್ಟೆಯ ಗಿರಣಿಗಳಿಗೆ ಹೆಸರಾಂತ ನಗರ. ಅಲ್ಲಿಯ ಗಿರಣಿಯ ಒಡೆಯರಾದ ಅಂಬಾಲಾಲ್ ಸಾರಾಭಾಯಿ ಮತ್ತು ಸರಳಾದೇವಿ ದಂಪತಿಗಳ ಪುತ್ರರಾಗಿ ವಿಕ್ರಮರು 1919ನೆಯ ಇಸವಿ ಆಗಸ್ಟ್ 12ರಂದು ಜನ್ಮವೆತ್ತಿದರು. ಸಿರಿವಂತರ ಮನೆಯ ಮಗ ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಅವರಾದರೋ ಜ್ಞಾನಮಾರ್ಗವನ್ನು ಆರಿಸಿಕೊಂಡರು.

ಗುಜರಾತ್ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ಜಿಗೆ ತೆರಳಿ, 1940ರಲ್ಲಿ ಪದವಿ ಪಡೆದರು. ಮಹಾಯುದ್ಧದ ನಿಮಿತ್ತ ಸ್ವದೇಶಕ್ಕೆ ಮರಳಿದ ಈ ತರುಣರಿಗೆ ಆಶ್ರಯವಿತ್ತದ್ದು ನಮ್ಮ ಬೆಂಗಳೂರು. ಇಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ಅವರು ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. 1942ರಲ್ಲಿ ಪ್ರಸಿದ್ಧ ನರ್ತಕಿ ಮೃಣಾಲಿನಿಯವರನ್ನು ವರಿಸಿದರು. ಯುದ್ಧಾನಂತರ ಮತ್ತೆ ಕೇಂಬ್ರಿಜ್ಜಿಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಗಳಿಸಿದರು.

ಅದೇ ವರ್ಷದ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವು ಉದಯಿಸಿತು. ಕಾಲೇಜೊಂದರ ಕೆಲವೇ ಕೊಠಡಿಗಳಲ್ಲಿ ಮೊದಲಾದ ಸಂಸ್ಥೆ ಅದು. ಬಟ್ಟೆ ಗಿರಣಿಗಳ ಸಂಶೋಧನಾ ಸಂಘ, 1961ರಲ್ಲಿ ಆಡಳಿತ ಶಿಕ್ಷಣ ಸಂಸ್ಥೆ, ಹೀಗೆ ಒಂದರ ಹಿಂದೊಂದು ಸಂಸ್ಥೆಗಳು ಅವರ ಪ್ರಯತ್ನದಿಂದ ತಲೆಯೆತ್ತಿದವು. ವಡೋದರೆಯಲ್ಲಿ ಮನೆತನದ ಔಷಧ ಕೈಗಾರಿಕೆಯ ಹೊಣೆಯೂ ಅವರ ಹೆಗಲೇರಿತು. 1963ನೆಯ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಗಗನಕ್ಕೆ ಚಿಮ್ಮಿತು. 1966ರಲ್ಲಿ ಹೋಮಿ ಭಾಭಾ ಅವರು ವಿಮಾನಾಪಘಾತದಲ್ಲಿ ಮಡಿದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷಪದವಿಯೂ ಇವರಿಗೇ ಬಂದಿತು. ಒಬ್ಬರೇ ಹಲವರ ಭಾರವನ್ನು ಹೊತ್ತರು, ವಿಶ್ರಾಂತಿಗೆ ಎಡೆಯಿರಲಿಲ್ಲ.

1971ನೆಯ ಡಿಸೆಂಬರ್ ಕೊನೆಯಲ್ಲಿ ಕಾರ್ಯನಿಮಿತ್ತ ತುಂಬಾಕ್ಕೆ ಬಂದಿದ್ದ ಅವರು ಕೋವಳದಲ್ಲಿ ತಂಗಿದ್ದರು. 30ರ ಬೆಳಗ್ಗೆ ಅವರು ಏಳಲೇ ಇಲ್ಲ. ನಿದ್ರೆಯಲ್ಲಿಯೇ ಹೃದಯವು ಸ್ತಬ್ಧವಾಗಿತ್ತು. ಆಗ ಅವರಿಗೆ ವಯಸ್ಸು 52 ಮಾತ್ರ.

ಹಿಂದಿನ ದಿನ ನಡೆದಾಡುತ್ತಿದ್ದವರ ಹೃದಯ ಹಠಾತ್ತನೆ ನಿಲ್ಲುವುದು ಹೇಗೆ? ನಡುವಯಸ್ಸಿನಲ್ಲಿ ಒದಗುವ ಇಂತಹ ಮರಣಗಳಿಗೆ ಬಹುಮಟ್ಟಿಗೆ ಹೃದಯದ ಧಮನಿಗಳ ರೋಗವೇ ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇದರ ಹಿಂದಿರುವ ಭೌತನಿಯಮವು ರಾಕೆಟ್ಟಿನ ಕವಚಕ್ಕೂ ಅನ್ವಯಿಸುವಂಥದು. ಕೊಳವೆಯೊಳಗಿನ ಒತ್ತಡ ಹೆಚ್ಚಿದಷ್ಟೂ, ಕೊಳವೆ ಅಗಲವಾದಷ್ಟೂ, ಗೋಡೆ ತೆಳುವಾದಷ್ಟೂ ಗೋಡೆಯ ಮೇಲಿನ ಎಳೆತ ಏರುತ್ತದೆ. ಧಮನಿಯ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗಿ, ಅದರ ಮೇಲೆ ನಾರಿನ ಪೊರೆಯೊಂದು ಹರಡಿರುತ್ತದೆ. ಮೆತ್ತನೆಯ ಕೊಬ್ಬು ಎಳೆತವನ್ನು ತಾಳಲಾರದು. ಪೊರೆಯೇ ಅದನ್ನೆಲ್ಲ ಹೊರಬೇಕು. ಪೊರೆಯು ಗೋಡೆಯನ್ನು ಕೂಡುವ ಅಂಚುಗಳಲ್ಲಿ ಈ ಎಳೆತ ಅನೇಕ ವೇಳೆ ಅತಿಯಾಗಿರುತ್ತದೆ. ಪೊರೆ 0.065 ಮಿಲಿಮೀಟರಿಗಿಂತ ತೆಳುವಾದರೆ ಅಪಾಯ ಸಮೀಪಿಸಿತೆಂದು ವೈದ್ಯರು ಎಣಿಸುತ್ತಾರೆ. ಹೃದಯವು ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಮತ್ತೆ ಮತ್ತೆ ಬಗ್ಗಿಸಿದ ತಂತಿ ತುಂಡಾಗುವಂತೆ, ಬಡಿತ ಬಡಿತಕ್ಕೂ ದಣಿದ ಪೊರೆ ಒಂದು ದಿನ ಬಿರಿಯಬಹುದು. ಬಿರಿದೆಡೆಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಧಮನಿಯನ್ನು ಬಹಳವಾಗಿ ಕಿರಿದುಮಾಡದ, ಯಾವ ನೋವನ್ನೂ ತೋರದ ಕೊಬ್ಬಿನ ಲೇಪವೂ ಹೀಗೆ ಒಡೆಯಬಹುದೆಂಬುದೇ ಇದರ ಕ್ರೌರ್ಯ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಧೂಮಪಾನವನ್ನು ವರ್ಜಿಸುವುದು, ಮಿತಾಹಾರ, ವ್ಯಾಯಾಮ, ವಿಶ್ರಾಂತಿ ಇವುಗಳ ಮಹತ್ವ ಇದರಿಂದ ವೇದ್ಯವಾಗುತ್ತದೆ.

ವಿಕ್ರಮರು ಅಳಿದರೂ ಅವರು ನೆಟ್ಟ ಸಸಿಗಳು ಬಾಡಲಿಲ್ಲ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರು ಅಹಮದಾಬಾದಿನಲ್ಲಿ ಇವರ ಶಿಷ್ಯರಾಗಿದ್ದವರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ನೆಯ ಏಪ್ರಿಲ್ 19ರಂದು ಕಕ್ಷೆಯನ್ನು ಸೇರಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ವಿದ್ಯೆಯನ್ನು ಮುಟ್ಟಿಸಬೇಕೆಂಬ ಅವರ ಹಂಬಲವೂ ಅದೇ ವರ್ಷ ಕೈಗೂಡಿ, ಕರ್ಣಾಟಕವೂ ಸೇರಿದಂತೆ ಆರು ರಾಜ್ಯಗಳ ಗ್ರಾಮಗಳಲ್ಲಿ ದೂರದರ್ಶನದ ಪಾಠಗಳು ಮೂಡಿದವು.

ವಿದ್ಯಾರ್ಥಿಮಿತ್ರರೇ, ಆ ಮಹನೀಯರ ದುಡಿಮೆಯನ್ನು ನಾವು ಅನುಸರಿಸೋಣ. ಆದರೆ ದುಡಿಯುವ ದೇಹವನ್ನೂ ಕಾಪಾಡಿಕೊಳ್ಳೋಣ; ಏಕೆಂದರೆ ಅವರಂಥವರು ಇನ್ನೂ 20 ವರ್ಷ ಬಾಳಿದ್ದರೆ ನಾಡಿಗೆ ಎಷ್ಟು ಲಾಭವಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.