ಮಾರ್ಕೋನಿ ಮತ್ತು ಸ್ಟೇಷನ್ನಿನ ಫ್ರೀ ವೈಫೈ

ರೇಡಿಯೊ ಎಂದರೆ ಮಾರ್ಕೋನಿಯ ಹೆಸರು ಬಂದೇ ಬರುತ್ತದೆ. ಪುಣೆಯಲ್ಲಿ ಕೂತು ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯುವ ನನಗೆ ಆತ ಹೆಚ್ಚು ನೆನಪಾಗುವುದು ಆತನಿಗಾದ ಒಂದು ಮುಖಭಂಗದಿಂದ.

ಗುಗ್ಲಿಯೆಲ್ಮೊ ಮಾರ್ಕೋನಿ ಹುಟ್ಟಿದ್ದು 1874ರಲ್ಲಿ, ಇಟಲಿಯ ಬೊಲೋನ್ಯದಲ್ಲಿ. ತಂದೆ ಜಮೀನ್ದಾರ, ತಾಯಿ ಐರ್ಲೆಂಡಿನವಳು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಮನೆಯ ಅಟ್ಟದಲ್ಲಿ ಪ್ರಯೋಗ ಶುರು ಮಾಡಿ, 1895ರಲ್ಲಿ ಗುಡ್ಡದ ಆಚೆಗೆ ತಂತಿಯಿಲ್ಲದೆ ಸಂಕೇತ ಮುಟ್ಟಿಸಿದ. ಮರುವರ್ಷ ಲಂಡನ್ನಿಗೆ ಹೋಗಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ವಯಸ್ಸು 22. ಕೆಲಸಕ್ಕಾಗಿ ಊರು ಬಿಟ್ಟ ನಮ್ಮಂಥವರಲ್ಲೇ ಒಬ್ಬ ಅನ್ನಿ. 1901ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಪೋಲ್ಡು ಕೇಂದ್ರದಿಂದ ಹೊರಟ ಸಂಕೇತ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ತನಗೆ ಕೇಳಿಸಿತು ಎಂದು ಪ್ರಕಟಿಸಿದ.

ಗಾಳಿಯಲ್ಲಿ ಹೋಗುವ ಸಂದೇಶವನ್ನು ಬೇರೆಯವರು ಕದ್ದು ಕೇಳಿದರೆ? ತರಂಗವನ್ನು ಶ್ರುತಿ ಮಾಡಿದರೆ ಅದೇ ಶ್ರುತಿಯ ಯಂತ್ರಕ್ಕಷ್ಟೇ ಕೇಳುತ್ತದೆ ಎಂಬುದು ಮಾರ್ಕೋನಿಯ ಭರವಸೆ. ನೆವಿಲ್ ಮ್ಯಾಸ್ಕಲಿನ್ ಎಂಬ ಜಾದೂಗಾರ ಇದನ್ನು ಒಪ್ಪಲಿಲ್ಲ. ಈಸ್ಟರ್ನ್ ಟೆಲಿಗ್ರಾಫ್ ಕಂಪನಿಯ ಪರವಾಗಿ ಕಾರ್ನ್‌ವಾಲ್ ಕರಾವಳಿಯಲ್ಲಿ ಕಂಬ ನೆಟ್ಟು ಪೋಲ್ಡುವಿನ ಸಂದೇಶಗಳನ್ನು ಹಿಡಿದ. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಿಜ್ಞಾನಿ ಫ್ಲೆಮಿಂಗ್ ಪ್ರಾತ್ಯಕ್ಷಿಕೆ ನಡೆಸುತ್ತಿದ್ದರು. ಮಾರ್ಕೋನಿಯ ಸಂದೇಶ ಬರುವ ಮೊದಲೇ, ಆತನನ್ನು ಗೇಲಿ ಮಾಡುವ ಪದ್ಯವೊಂದು ಯಂತ್ರದಲ್ಲಿ ಬರತೊಡಗಿತು. ಹತ್ತಿರದಿಂದಲೇ ಅದನ್ನು ಕಳಿಸುತ್ತಿದ್ದವನು ಮ್ಯಾಸ್ಕಲಿನ್. ಫ್ಲೆಮಿಂಗ್ ಸಿಟ್ಟಾಗಿ ಪತ್ರಿಕೆಗೆ ಬರೆದರು. ಮ್ಯಾಸ್ಕಲಿನ್ ತಾನೇ ಮಾಡಿದ್ದೆಂದು ಅಲ್ಲೇ ಒಪ್ಪಿಕೊಂಡ.

ಮಾರ್ಕೋನಿಯ ಏಳಿಗೆ ಇದರಿಂದ ನಿಲ್ಲಲಿಲ್ಲ. 1909ರಲ್ಲಿ ಬ್ರೌನ್ ಜೊತೆ ನೊಬೆಲ್ ಹಂಚಿಕೊಂಡ. 1912ರಲ್ಲಿ ಟೈಟಾನಿಕ್ ಮುಳುಗುವಾಗ ಆತನ ಕಂಪನಿಯ ಆಪರೇಟರುಗಳು ಕಳಿಸಿದ ಮೊರೆ ಕೇಳಿ ಬಂದ ಹಡಗು ಸುಮಾರು 700 ಜನರನ್ನು ಉಳಿಸಿತು. ಯಾರಿಗೆ ಬೇಕಾದರೂ ಕೇಳಿಸುವ ಗಾಳಿಯೇ ಅಂದು ಜೀವ ಕಾಪಾಡಿತು. 1937ರಲ್ಲಿ ಮಾರ್ಕೋನಿ ರೋಮ್‌ನಲ್ಲಿ ತೀರಿಕೊಂಡಾಗ ಬ್ರಿಟನ್ನಿನ ರೇಡಿಯೊ ಕೇಂದ್ರಗಳು ಎರಡು ನಿಮಿಷ ಮೌನವಾದವು.

ಮೊರೆ ಎಲ್ಲರಿಗೂ ಕೇಳಬೇಕು, ಬ್ಯಾಂಕಿನ ಪಾಸ್‌ವರ್ಡ್ ಯಾರಿಗೂ ಕೇಳಬಾರದು. ಹಬ್ಬಕ್ಕೆ ಊರಿಗೆ ಹೊರಟಾಗ ಸ್ಟೇಷನ್ನಿನಲ್ಲಿ ಸಿಗುವ, ಪಾಸ್‌ವರ್ಡ್ ಇಲ್ಲದ ವೈಫೈ ಕೂಡ ಪೋಲ್ಡುವಿನ ಗಾಳಿಯಂಥದ್ದೇ. ಲಾಗಿನ್‌ಗೆ ಒಟಿಪಿ ಕೇಳಿದ ಮಾತ್ರಕ್ಕೆ ನಿಮ್ಮ ಮಾಹಿತಿಗೆ ಬೀಗ ಬೀಳುವುದಿಲ್ಲ. ನಿಮ್ಮ ಮೊಬೈಲ್ ನಂಬರ್ ಅವರಿಗೆ ಗೊತ್ತಾಗುತ್ತದೆ, ಅಷ್ಟೆ. ಬೀಗ ಹಾಕುವುದು ವೆಬ್ ವಿಳಾಸದ ಮೊದಲಲ್ಲಿರುವ ಎಚ್‌ಟಿಟಿಪಿಎಸ್. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ. ಅದೇ ಹೆಸರಿನ ನಕಲಿ ವೈಫೈಯನ್ನು ಪಕ್ಕದ ಬೆಂಚಿನಲ್ಲಿ ಕೂತವನೂ ಹುಟ್ಟಿಸಬಹುದು. ಹತ್ತಿರದ ಜೋರು ಸಂಕೇತ ದೂರದ್ದನ್ನು ಹೇಗೆ ಮುಚ್ಚಿಹಾಕುತ್ತದೆ ಎಂದು ಮ್ಯಾಸ್ಕಲಿನ್ ತೋರಿಸಿಯಾಗಿದೆ. ಹಾಗಾಗಿ ಫೋನು ತಾನಾಗಿ ವೈಫೈಗೆ ಸೇರಿಕೊಳ್ಳುವ ಸೆಟ್ಟಿಂಗ್ ಆಫ್ ಮಾಡಿಡಿ.

ಸ್ಟೇಷನ್ನಿನ ವೈಫೈಯಲ್ಲಿ ನಾನು ಕ್ರಿಕೆಟ್ ಸ್ಕೋರ್ ನೋಡುತ್ತೇನೆ. ಅಮ್ಮನ ಖಾತೆಗೆ ಹಣ ಹಾಕುವುದು ಮಾತ್ರ ನನ್ನದೇ ಮೊಬೈಲ್ ಡೇಟಾದಲ್ಲಿ.