ಖಡಕವಾಸ್ಲಾದ ಗೇಟು, ನಮ್ಮ ಭೀಮೆ ಮತ್ತು ಸರ್ ಎಂ.ವಿ.

ಇಂಜಿನಿಯರ್ಸ್ ಡೇ ಬಂತಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕೋದು ಎಲ್ಲ ಕಾಲೇಜಲ್ಲೂ ಇದ್ದದ್ದೇ. ಪೇಟ, ಕೋಟು, ಕೆಆರ್‌ಎಸ್, ಭಾರತ ರತ್ನ, ಅಲ್ಲಿಗೆ ಭಾಷಣ ಮುಗೀತು. ಆ ಮನುಷ್ಯ ಯಾವ ಫಿಸಿಕ್ಸ್ ಹಿಡ್ಕೊಂಡು ಕೆಲಸ ಮಾಡಿದ್ರು ಅನ್ನೋದನ್ನ ಯಾರೂ ಹೇಳೋದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗಂತೂ ಅದು ಗೊತ್ತಿರಬೇಕು. ಯಾಕಂದ್ರೆ ಅವರ ಸ್ವಯಂಚಾಲಿತ ಗೇಟು ಮೊದಲು ಕೂತದ್ದು ನಮ್ಮ ಭೀಮೆಗೆ ಬಂದು ಸೇರುವ ನೀರಿನ ಮೇಲೆ.

ಹುಟ್ಟಿದ್ದು ಮುದ್ದೇನಹಳ್ಳಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಾಸಿಕ್, ಖಾನದೇಶ, ಸಿಂಧೂ ನದಿ ದಂಡೆಯ ಸುಕ್ಕೂರ್, ಸೂರತ್ ಅಂತ ತಿರುಗಿ ಮತ್ತೆ ಪುಣೆಗೆ ಬಂದರು.

ಪುಣೆ ಹತ್ತಿರ ಮುಠಾ ನದಿಗೆ ಖಡಕವಾಸ್ಲಾ ಅಣೆಕಟ್ಟು ಆಗಲೇ ಇತ್ತು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಮೇಲೆ ಹಾಯ್ದು ಹೋಗ್ತಿತ್ತು, ಬೇಸಿಗೆಯಲ್ಲಿ ಅದೇ ನೀರು ಸಾಲ್ತಿರಲಿಲ್ಲ. ಗೋಡೆ ಎತ್ತರಿಸಿದ್ರೆ ಹಳೆ ಅಣೆಕಟ್ಟಿಗೆ ಭಾರ, ಖರ್ಚೂ ಜಾಸ್ತಿ. ಹಾಗಾಗಿ ಗೋಡೆ ಮುಟ್ಟದೆ, ಕೋಡಿಯ ಮೇಲೆ ಗೇಟು ನಿಲ್ಲಿಸಿ ಸುಮಾರು 8 ಅಡಿ ನೀರು ಹೆಚ್ಚು ಹಿಡಿಯೋ ಯೋಚನೆ ಮಾಡಿದರು. 8 ಅಡಿ ಅಂದ್ರೆ ಕಮ್ಮಿ ಅಲ್ಲ. ಅಷ್ಟು ಎತ್ತರದ ನೀರು ಗೇಟಿನ ಪ್ರತಿ ಮೀಟರ್ ಅಗಲಕ್ಕೆ ಸುಮಾರು 29 ಕಿಲೋನ್ಯೂಟನ್ ಬಲದಿಂದ ತಳ್ಳುತ್ತದೆ, ಹೆಚ್ಚುಕಮ್ಮಿ ಮೂರು ಟನ್ ಭಾರ ಒರಗಿದ ಹಾಗೆ. ಇನ್ನು ರಾತ್ರಿ ಹೊತ್ತು ಪ್ರವಾಹ ಬಂದ್ರೆ ಅದನ್ನ ತೆಗೆಯೋರು ಯಾರು? ಕಾವಲುಗಾರ ಮಲಗಿದ್ರೆ ಅಣೆಕಟ್ಟೇ ಹೋದೀತು.

ಅವರ ಉತ್ತರ: ಯಾರೂ ಬೇಡ, ನೀರೇ ತೆಗೀಲಿ. ಪಿಯುಸಿಯಲ್ಲಿ ನಾವು ಲೆಕ್ಕ ಮಾಡಿದ ಅಟ್‌ವುಡ್ ಮಷೀನ್ ನೆನಪಿದೆಯಲ್ಲ, ಪುಲ್ಲಿ ಮೇಲೆ ಹಗ್ಗ, ಎರಡೂ ಕಡೆ ತೂಕ? ತತ್ವ ಅದರದ್ದೇ. ನಮ್ಮದೇ ಅಂಕಿ ಇಟ್ಟು ನೋಡೋಣ. ಒಂದು ಕಡೆ 950 ಕೆಜಿ ಗೇಟು, ಇನ್ನೊಂದು ಕಡೆ ಖಾಲಿ ತೊಟ್ಟಿಯೊಳಗೆ ತೂಗುವ 1000 ಕೆಜಿ ಕಬ್ಬಿಣ. ಕಬ್ಬಿಣದ ಕಡೆ ಭಾರ ಜಾಸ್ತಿ, ಗೇಟು ಮುಚ್ಚಿಯೇ ಇರ್ತದೆ. ಕೆರೆ ತುಂಬಿ ಗುರುತು ದಾಟಿದ ಕೂಡಲೇ ನೀರು ತೊಟ್ಟಿಗೆ ನುಗ್ಗುತ್ತದೆ. ಮುಳುಗಿದ ಕಬ್ಬಿಣವನ್ನು ನೀರು ಸುಮಾರು 128 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಈಗ ಗೇಟಿನ ಕಡೆಯೇ 78 ಕೆಜಿ ಭಾರ, ಸರಪಳಿ ಚಲಿಸ್ತದೆ, ಗೇಟು ತೆರೀತದೆ. ನೀರು ಇಳಿದು ತೊಟ್ಟಿ ಖಾಲಿಯಾದ್ರೆ ತಾನೇ ಮುಚ್ಕೊಳ್ತದೆ.

ಗಮನಿಸಿ, ಕಬ್ಬಿಣದ ಮಾಸ್ ಒಂದು ಗ್ರಾಮೂ ಬದಲಾಗಲಿಲ್ಲ. ಬದಲಾದದ್ದು ನೆಟ್ ಫೋರ್ಸ್ ಮಾತ್ರ. ಆ 78 ಕೆಜಿಯ ಸೆಳೆತ, ಅಂದ್ರೆ ಸುಮಾರು 764 ನ್ಯೂಟನ್, ಎರಡೂ ಕಡೆಯ 1950 ಕೆಜಿಯನ್ನ ಒಟ್ಟಿಗೆ ಎಳೀಬೇಕು. ಘರ್ಷಣೆ ಬಿಟ್ಟರೂ ಆಕ್ಸಿಲರೇಷನ್ ಸೆಕೆಂಡಿಗೆ ಸೆಕೆಂಡಿಗೆ 0.39 ಮೀಟರ್ ಅಷ್ಟೇ, ಗುರುತ್ವದ 25ರಲ್ಲಿ ಒಂದು ಪಾಲು. ಗೇಟು ಧಡಕ್ಕನೆ ಬೀಳೋದಿಲ್ಲ. ತೂಕ ಹೆಚ್ಚಿದ್ದಷ್ಟೂ ಒಳ್ಳೇದು ಅನ್ನೋ ಯಂತ್ರ ನಾವು ನೋಡಿದ್ದು ಇದೊಂದೇ! ನಿಜವಾದ ಗೇಟಲ್ಲಿ ಘರ್ಷಣೆ, ನೀರಿನ ಒತ್ತಡ ಎಲ್ಲ ಸೇರಿ ಲೆಕ್ಕ ಇಷ್ಟು ಸಲೀಸಲ್ಲ ಬಿಡಿ.

1903ರಲ್ಲಿ ಈ ಗೇಟು ಖಡಕವಾಸ್ಲಾದಲ್ಲಿ ಕೂತವು, ಪೇಟೆಂಟೂ ಆಯ್ತು. ಆಮೇಲೆ ಗ್ವಾಲಿಯರಿನ ಟಿಗ್ರಾ ಮತ್ತು ಕೆಆರ್‌ಎಸ್‌ನಲ್ಲೂ ಬಂದವು.

1908ರ ಸೆಪ್ಟೆಂಬರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ನಿಜಾಮ ಸರ್ಕಾರ ಇವರನ್ನೇ ಕರೆಸಿತು. ನಮ್ಮ ಕಲಬುರಗಿ ಜಿಲ್ಲೆಯೂ ಆಗ ಅದೇ ರಾಜ್ಯದಲ್ಲಿತ್ತು. ನಗರದ ಮೇಲ್ಭಾಗದಲ್ಲೇ ಪ್ರವಾಹ ತಡೆಯುವ ಜಲಾಶಯ ಕಟ್ಟಿ ಅಂದರು, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಆ ಕಥೆ ಎಲ್ಲರಿಗೂ ಗೊತ್ತು.

ಕಮ್ಮಿ ಜನಕ್ಕೆ ಗೊತ್ತಿರೋದು ಇದು. 1961ರ ಜುಲೈ 12ರಂದು ಖಡಕವಾಸ್ಲಾದ ಮೇಲ್ಭಾಗದ ಪಾನಶೆತ್ ಅಣೆಕಟ್ಟು, ಕೆಲಸ ಪೂರ್ತಿ ಮುಗಿಯೋ ಮೊದಲೇ, ಒಡೆದುಹೋಯ್ತು. ಆ ನೀರಿನ ಹೊಡೆತಕ್ಕೆ ಖಡಕವಾಸ್ಲಾವೂ ಒಡೆಯಿತು, ಪುಣೆ ಮುಳುಗಿತು. ಸರ್ ಎಂ.ವಿ. ಆಗ ಇನ್ನೂ ಬದುಕಿದ್ದರು, ವಯಸ್ಸು ನೂರರ ಆಸುಪಾಸು. ತೊಟ್ಟಿಯ ತೂಕ ಮಳೆಗಾಲದ ಪ್ರವಾಹಕ್ಕೆ ಲೆಕ್ಕ ಹಾಕಿದ್ದು, ಒಡೆದ ಅಣೆಕಟ್ಟಿಗಲ್ಲ. ಖಡಕವಾಸ್ಲಾವನ್ನು ಮತ್ತೆ ಕಟ್ಟಿದರು.

ಆ ಮುಠಾ ನೀರು ಮುಳಾ ಸೇರಿ, ಭೀಮೆಗೆ ಬಂದು, ಉಜನಿ ದಾಟಿ ನಮ್ಮಲ್ಲಿಗೆ ಬರ್ತದೆ. ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್ ಹಾಯ್ದು, ಗಾಣಗಾಪುರದಲ್ಲಿ ಆಳಂದದ ಅಮರ್ಜಾವನ್ನ ಕೂಡಿಕೊಂಡು ಜೇವರ್ಗಿ ಕಡೆ ಹೋಗ್ತದೆ. 2020ರ ಅಕ್ಟೋಬರಲ್ಲಿ ಇದೇ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳ ಜನ ಮನೆ ಬಿಟ್ಟು ಹೋಗಬೇಕಾಯ್ತು. ಆ ವಾರ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮೇಲೆ ಗೇಟು ಎಷ್ಟು ತೆಗೆದ್ರು ಅಂತ.

ಸರ್ ಎಂ.ವಿ. 1962ರಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.